ದೇವರಾಜ್ ಮೆಚ್ಚಿದ್ದಾರೆ

ಸ್ನೇಹ ತನ್ನ ಹೊಸ ಸರ್ಟಿಫಿಕೇಟಿನ ಫೋಟೋವನ್ನು ಲಿಂಕ್ಡ್‌ಇನ್‌ಗೆ ಹಾಕಿ, ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬೋರಲಾಗಿಟ್ಟು, ಸೊಪ್ಪು ಬಿಡಿಸಲು ಕೂತಳು. ಒಂದು ಹಿಡಿ ದಂಟಿನಸೊಪ್ಪು ಮುಗಿಯುವಷ್ಟರಲ್ಲಿ ಫೋನು ಗುರ್ರೆಂದಿತು. ಯಾರೆಂದು ಅವಳಿಗೆ ಗೊತ್ತಿತ್ತು. ಆದರೂ ತಿರುಗಿಸಿ ನೋಡಿದಳು.

'ದೇವರಾಜ್ ಮೆಚ್ಚಿದ್ದಾರೆ.' ಅದರ ಕೆಳಗೆ ಅವನದೇ ಕಾಮೆಂಟು: 'ಶಹಭಾಷ್ ಸ್ನೇಹ. ಕಲಿಯುವುದನ್ನು ನಿಲ್ಲಿಸದವರು ಸೋಲುವುದಿಲ್ಲ. ನಿಮ್ಮ ಮೇಲೆ ನನಗೆ ಸದಾ ಒಂದು ಕಣ್ಣಿದೆ.'

ಓದಿದವರಿಗೆ ಅದು ಹಿರಿಯರೊಬ್ಬರ ಅಭಿಮಾನದ ಮಾತು. ಆಗಲೇ ಯಾರೋ ಅದಕ್ಕೂ ಒಂದು ಹೃದಯ ಒತ್ತಿದ್ದರು.

"ಯಾರೇ ಅದು? ಕೆಲಸ ಕೊಡೋರಾ?" ಒಲೆಯ ಮುಂದಿದ್ದ ತಾಯಿ ಗಂಗಲಕ್ಷ್ಮಮ್ಮ ಕೇಳಿದರು.

"ಅಲ್ಲಮ್ಮ. ಹಳೇ ಆಫೀಸಿನೋರು."

"ಒಳ್ಳೇದೇ ಆಯ್ತು ಬಿಡು. ಬಿಟ್ಟು ಬಂದ್ಮೇಲೂ ಜ್ಞಾಪಕ ಇಟ್ಕೊಂಡವ್ರಲ್ಲ."

ಸ್ನೇಹ ಫೋನನ್ನು ಕೈಗೆತ್ತಿಕೊಂಡಳು. 'ಥ್ಯಾಂಕ್ಯೂ ಸರ್, ನಿಮ್ಮ ಪ್ರೋತ್ಸಾಹಕ್ಕೆ ಋಣಿ' ಎಂದು ಟೈಪು ಮಾಡಿ, ಕೈಮುಗಿದ ಚಿತ್ರವೊಂದನ್ನು ಅಂಟಿಸಿದಳು. ಒಲೆಯ ಪಕ್ಕದಲ್ಲೇ ಕೂತಿದ್ದರೂ ಅವಳ ಬೆರಳುಗಳು ತಣ್ಣಗಿದ್ದವು.

ದೇವರಾಜ್ ನೆಲಮಂಗಲದ ಹತ್ತಿರ ಒಂದು ದೊಡ್ಡ ಗೋದಾಮಿನ ಮ್ಯಾನೇಜರ್. ಬಿ.ಕಾಂ ಮುಗಿಸಿದ ಮೇಲೆ ಸ್ನೇಹ ಅಲ್ಲೇ ಸ್ಟಾಕ್ ಲೆಕ್ಕ ನೋಡುವ ಕೆಲಸಕ್ಕೆ ಸೇರಿದ್ದಳು. ಬೆಳಿಗ್ಗೆ ದೊಡ್ಡಬಳ್ಳಾಪುರದಿಂದ ಮಧುರೆ ಮೇಲೆ ಹೋಗುವ ಬಸ್ಸು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಕೆಲಸ ಅವಳಿಗೆ ಒಗ್ಗಿತ್ತು. ದೇವರಾಜ್ ಮೊದಮೊದಲು ಎಲ್ಲರೆದುರು ಅವಳನ್ನು ಹೊಗಳುತ್ತಿದ್ದ. ಆಮೇಲೆ ಯಾರೂ ಇಲ್ಲದಾಗ ಹೊಗಳತೊಡಗಿದ. ಕಳೆದ ವರ್ಷದ ಒಂದು ಸಂಜೆ ಜೋರು ಮಳೆಗೆ ಬಸ್ಸು ಬಾರದೆ ನಿಂತಿದ್ದವಳನ್ನು ತನ್ನ ಬಿಳಿ ಕಾರಿಗೆ ಹತ್ತಿಸಿಕೊಂಡ. ಮಧುರೆ ದಾಟಿದ ಮೇಲೆ ಕಾರು ಹೆದ್ದಾರಿ ಬಿಟ್ಟು ಕೆರೆ ಏರಿಯ ಮಣ್ಣು ರಸ್ತೆಗೆ ಇಳಿದು ನಿಂತಿತು. ಬಾಗಿಲುಗಳು ಟಕ್ಕೆಂದು ಲಾಕಾದವು. "ನಿನ್ನ ಮುಂದಿನ ಜೀವನದ ಬಗ್ಗೆ ಸ್ವಲ್ಪ ಮಾತಾಡ್ಬೇಕು, ಹೆದರ್ಕೋಬೇಡ" ಎಂದು ಅವಳ ಕೈ ಹಿಡಿದವನು ಬಿಡಲಿಲ್ಲ. ಅವಳು ಎಳೆದುಕೊಂಡಷ್ಟೂ ಹಿಡಿತ ಬಿಗಿಯಾಯಿತು. ಎದುರಿನಿಂದ ಹುಲ್ಲು ಹೇರಿಕೊಂಡು ಟ್ರ್ಯಾಕ್ಟರೊಂದು ಬಂದು, ದಾರಿ ಬಿಡೆಂದು ಹಾರನ್ ಬಾರಿಸದಿದ್ದರೆ ಏನಾಗುತ್ತಿತ್ತೋ ಎಂಬುದನ್ನು ಅವಳು ಈಗಲೂ ಯೋಚಿಸುವುದಿಲ್ಲ. ಯೋಚನೆ ಅಲ್ಲಿಗೆ ಬಂದರೆ ಎದ್ದು ಏನಾದರೂ ಕೆಲಸ ಹಿಡಿಯುತ್ತಾಳೆ.

ಮಾರನೇ ವಾರ ರಾಜೀನಾಮೆ ಕೊಟ್ಟಳು. ಮನೆಯಲ್ಲಿ "ಕಾಂಟ್ರ್ಯಾಕ್ಟು ಮುಗೀತು" ಎಂದಳು. ನಿಜ ಹೇಳಿದರೆ ಇನ್ನು ಹೊಸಿಲು ದಾಟಿ ಕೆಲಸಕ್ಕೆ ಹೋಗುವುದು ಮುಗಿದ ಕಥೆ ಎಂದು ಅವಳಿಗೆ ಗೊತ್ತಿತ್ತು. ಚಿಕ್ಕಬಳ್ಳಾಪುರದ ಕಡೆಯ ಒಂದು ಸಂಬಂಧದ ಮಾತು ಹೇಗೂ ಮನೆಯೊಳಗೆ ಓಡಾಡುತ್ತಲೇ ಇತ್ತು.

ಹೊಸ ಕೆಲಸ ಹುಡುಕಲು ದಾರಿ ತೋರಿಸಿದವಳು ಕಾಲೇಜಿನ ಗೆಳತಿ ರಂಜಿತ. ಅವಳು ದೇವನಹಳ್ಳಿಯ ಒಂದು ಕಂಪನಿಯಲ್ಲಿ ಎಚ್‌ಆರ್. "ಸುಮ್ನೆ ಬಯೋಡೇಟಾ ಕಳಿಸಿದ್ರೆ ಯಾರೂ ನೋಡಲ್ಲ ಕಣೇ. ಲಿಂಕ್ಡ್‌ಇನ್ನಲ್ಲಿ ಜೀವ ಇರ್ಬೇಕು. ವಾರಕ್ಕೆ ಒಂದು ಪೋಸ್ಟು, ನಾಲ್ಕು ಜನಕ್ಕೆ ಕಾಮೆಂಟು, ನಗ್ತಾ ಇರೋ ಫೋಟೋ. ನಾವೂ ಅದನ್ನೇ ನೋಡೋದು" ಎಂದಿದ್ದಳು.

ಸ್ನೇಹ ಹಾಗೇ ಮಾಡಿದಳು. ಮೊದಲ ಪೋಸ್ಟಿಗೇ ದೇವರಾಜ್ ಬಂದ. ಅವಳು ತಕ್ಷಣ ಬ್ಲಾಕ್ ಮಾಡಿದಳು. ಮರುದಿನ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಏನಮ್ಮ, ಬ್ಲಾಕ್ ಮಾಡ್ಬಿಟ್ಟಿದೀಯ? ಈ ನೆಲಮಂಗಲ, ಹೊಸಕೋಟೆ ಕಡೆ ಎಚ್‌ಆರ್‌ಗಳೆಲ್ಲ ನಂಗೆ ಪರಿಚಯ. ಹಳೇ ಮ್ಯಾನೇಜರ್‌ನೇ ಬ್ಲಾಕ್ ಮಾಡಿದೋಳು ಅಂತ ಗೊತ್ತಾದ್ರೆ ಯಾರು ಕೆಲಸ ಕೊಡ್ತಾರೆ? ನಾನು ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ದನಿಯಲ್ಲಿ ಕೋಪವಿರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಬ್ಲಾಕ್ ತೆಗೆದಳು. ಸಂಪರ್ಕಕ್ಕೆ ಸೇರಿಸಿಕೋ ಎಂಬ ಅವನ ಕೋರಿಕೆ ಬಂತು, ಒಪ್ಪಿಕೊಂಡಳು. ಅಂದಿನಿಂದ ಅವಳ ಪ್ರತಿ ಪೋಸ್ಟಿಗೂ ಮೊದಲ ಮೆಚ್ಚುಗೆ ಅವನದೇ. ಮೇಲಾಗಿ ಅವಳ ಪ್ರೊಫೈಲಿಗೆಂದು ಒಂದು ಶಿಫಾರಸನ್ನೂ ಬರೆದು ಕಳಿಸಿದ, ಅದನ್ನೂ ಒಪ್ಪಿಕೊಂಡಳು: 'ಸ್ನೇಹ ಹೇಳಿದ ಮಾತು ಮೀರುವವರಲ್ಲ. ಯಾವಾಗ ಕರೆದರೂ ಸಿಗುತ್ತಿದ್ದರು.'

ಅದನ್ನು ನೋಡಿ ರಂಜಿತ, "ಲೇ, ಎಷ್ಟು ಲಕ್ಕಿ ನೀನು! ನಮ್ಮ ಬಾಸ್ ಒಂದು ಲೈಕ್ ಕೂಡ ಹಾಕಲ್ಲ" ಎಂದಳು. ಸ್ನೇಹ ಹೂಂ ಎಂದಳು. ಹೇಳುವುದಾದರೂ ಏನನ್ನು? ಆ ಸಾಲುಗಳಲ್ಲಿ ಕೆಟ್ಟ ಪದ ಒಂದೂ ಇರಲಿಲ್ಲ.

ಸರ್ಟಿಫಿಕೇಟು ಹಾಕಿದ ಮೇಲೆ, ಒಂದು ನಿಮಿಷದ ವೀಡಿಯೋ ಮಾಡಿ ಹಾಕು ಎಂದವಳೂ ರಂಜಿತಳೇ. ಸ್ನೇಹ ಮುಂಬಾಗಿಲ ಪಕ್ಕದ ಕೋಣೆಯಲ್ಲಿ, ಕಿಟಕಿಯ ಬೆಳಕಿಗೆ ಮುಖಮಾಡಿ ನಿಂತು ತನ್ನ ಅನುಭವ, ತಾನು ಕಲಿತ ಸಾಫ್ಟ್‌ವೇರ್ ಎಲ್ಲ ಹೇಳಿದಳು. ಗೋಡೆಯಾಚೆ ಅಪ್ಪನ ಪವರ್‌ಲೂಮ್ ಮಗ್ಗಗಳು ಓಡುತ್ತಿದ್ದವು. ಬಾಗಿಲು ಹಾಕಿದರೂ ಸದ್ದು ಬರುತ್ತಿತ್ತು. ಆ ಸದ್ದಿನಲ್ಲೇ ಹುಟ್ಟಿ ಬೆಳೆದವಳಿಗೆ ಅದು ಕೇಳಿಸಲಿಲ್ಲ. ಬೆನ್ನ ಹಿಂದಿನ ಹಗ್ಗದ ಮೇಲೆ ಆಗಷ್ಟೇ ಮಗ್ಗದಿಂದ ಇಳಿದ ಸೀರೆಯೊಂದು ನೇತಾಡುತ್ತಿದ್ದುದನ್ನೂ ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ.

ವೀಡಿಯೋವನ್ನು ಬಹಳ ಮಂದಿ ನೋಡಿದರು. ಹೊಸಕೋಟೆ ಕಡೆಯ ಒಂದು ಕಂಪನಿಯವರು ಇಂಟರ್‌ವ್ಯೂಗೆ ಕರೆಯುತ್ತೇವೆ ಎಂದರು. ಅವಳ ಖುಷಿ ಸಂಜೆಯವರೆಗೆ ಉಳಿಯಿತು. ಸಂಜೆ ದೇವರಾಜನ ಕಾಮೆಂಟು ಬಂತು: 'ಮಾತು ಬಹಳ ಸ್ಪಷ್ಟ. ಹಿಂದಿನಿಂದ ಬರುವ ಮಗ್ಗದ ಸದ್ದು ಇನ್ನೂ ಚೆಂದ. ಆ ಸೀರೆಯ ಅಂಚು ಯಾವ ಕೈಯ ಕೆಲಸವೋ?'

ಸ್ನೇಹ ವೀಡಿಯೋವನ್ನು ಮತ್ತೆ ಹಾಕಿ ಕೇಳಿದಳು. ತನ್ನ ದನಿಯ ಹಿಂದೆ ಲಟಕ್ ಲಟಕ್ ಎಂದು ಇಡೀ ಮನೆ ಮಾತಾಡುತ್ತಿತ್ತು. ಅವನಿಗೆ ಅವಳ ಊರು ಗೊತ್ತಿತ್ತು, ಮನೆ ಗೊತ್ತಿರಲಿಲ್ಲ; ವಿಳಾಸದ ಕಾಗದಗಳಿದ್ದುದು ಬೆಂಗಳೂರಿನ ಹೆಡ್ ಆಫೀಸಿನಲ್ಲಿ. ಬಸ್ ಸ್ಟ್ಯಾಂಡಿನಿಂದ ಮುಂದಕ್ಕೆ ಅವಳು ಯಾರಿಗೂ ಏನೂ ಹೇಳಿಕೊಂಡವಳಲ್ಲ. ಅವಳು ವೀಡಿಯೋ ಅಳಿಸಿದಳು. ರಂಜಿತ ಫೋನು ಮಾಡಿ, "ಹುಚ್ಚಾ ನಿಂಗೆ? ಚೆನ್ನಾಗಿ ಓಡ್ತಿತ್ತಲ್ಲೇ!" ಎಂದು ಬೈದಳು.

ಆ ವಾರದಿಂದ ಇನ್ನೊಂದು ಶುರುವಾಯಿತು. ನಿಮ್ಮ ಪ್ರೊಫೈಲನ್ನು ಯಾರು ನೋಡಿದರು ಎಂದು ತೋರಿಸುವ ಜಾಗದಲ್ಲಿ ಹೆಸರಿಲ್ಲದ, ಮುಖವಿಲ್ಲದ ಒಂದು ಬೂದುಬಣ್ಣದ ಗುರುತು ದಿನವೂ ಕಾಣಿಸತೊಡಗಿತು. ಯಾರೋ ಹೆಸರು ಮರೆಮಾಡಿಕೊಂಡು ಬಂದು ನೋಡಿ ಹೋಗುತ್ತಿದ್ದರು. ಅವನೇ ಎಂದುಕೊಂಡಳು ಸ್ನೇಹ. ಬೀದಿಯಲ್ಲಿ ಬಿಳಿ ಕಾರು ನಿಧಾನವಾದರೆ ಅಂಗಡಿಯೊಳಗೆ ಸರಿಯತೊಡಗಿದಳು. ಹಾಲು ತರುವ ದಾರಿ ಬದಲಿಸಿದಳು. ಊಟ ಕಮ್ಮಿಯಾಯಿತು. "ಕೆಲ್ಸ ಸಿಗ್ಲಿಲ್ಲ ಅಂತ ಹಿಂಗಾ ಒಣಗೋದು?" ಎಂದು ಅಮ್ಮ ರಾಗಿಮುದ್ದೆಯನ್ನು ಇನ್ನಷ್ಟು ದಪ್ಪ ಮಾಡಿ ಬಡಿಸಿದರು.

ಹೀಗಿರುವಾಗ ಒಂದು ಮಧ್ಯಾಹ್ನ ಜೆರಾಕ್ಸ್ ಮಾಡಿಸಿಕೊಂಡು ಮನೆಗೆ ಬಂದವಳು ಬಾಗಿಲಲ್ಲಿ ಹೊಸ ಬೂಟುಗಳನ್ನು ನೋಡಿದಳು. ಸೀರೆ ಕೊಳ್ಳಲು ಹೊರಗಿನವರು ಬರುವುದು ಆ ಮನೆಗೆ ಹೊಸದಲ್ಲ. ಒಳಗೆ ಕಾಲಿಟ್ಟಳು.

ನಡುಮನೆಯ ಚಾಪೆಯ ಮೇಲೆ ಸೀರೆಗಳು ಹರಡಿದ್ದವು. ಅವುಗಳ ನಡುವೆ ದೇವರಾಜ್ ಕಾಫಿ ಲೋಟ ಹಿಡಿದು ಚಕ್ಕಳಮಕ್ಕಳ ಹಾಕಿ ಕೂತಿದ್ದ.

"ಸ್ನೇಹಾ! ಬಾ ಬಾ. ನಿಮ್ಮನೇಲಿ ನಿಂಗೇ ಸ್ವಾಗತ ಹೇಳೋ ಹಂಗಾಯ್ತು ನೋಡು" ಎಂದು ನಕ್ಕ.

ಅವಳ ಅಪ್ಪ ಕೋದಂಡರಾಮಯ್ಯನವರ ಮುಖ ಅರಳಿತ್ತು. "ಸಾರ್‌ದು ಎಷ್ಟು ದೊಡ್ಡ ಮನ್ಸು ನೋಡಮ್ಮ. ನೆಲಮಂಗ್ಲದಿಂದ ಹುಡ್ಕೊಂಡು ಬಂದವ್ರೆ. ನಿನ್ನ ಬಗ್ಗೆ ಎಷ್ಟು ಚೆನ್ನಾಗಿ ಹೇಳಿದ್ರು ಗೊತ್ತಾ?"

"ಹುಡುಕೋದೇನು ಕಷ್ಟ ಯಜಮಾನ್ರೇ" ಎಂದ ದೇವರಾಜ್. "ಇವಳ ವೀಡಿಯೋದಲ್ಲಿ ಹಿಂದೆ ಒಂದು ಸೀರೆ ಕಾಣ್ತಿತ್ತು. ಹುಣಸೆ ಎಲೆ ಥರ ಅಂಚು. ಫೋಟೋ ತೆಗ್ದು ಪೇಟೆ ಅಂಗಡೀಲಿ ತೋರಿಸ್ದೆ. ನೋಡ್ತಿದ್ದಂಗೇ ಹೇಳ್ಬಿಟ್ರು, ಇದು ಕೋದಂಡರಾಮಯ್ಯನೋರ ಮಗ್ಗದ್ದು, ಬೇರೆ ಯಾರೂ ಇದನ್ನ ನೇಯಲ್ಲ ಅಂತ."

ಕೋದಂಡರಾಮಯ್ಯ ಸಂಕೋಚದಿಂದ ತಲೆ ಕೆರೆದುಕೊಂಡರು. ಆ ಅಂಚಿನ ವಿನ್ಯಾಸವನ್ನು ಅವರೇ ಹೇಳಿ ಬರೆಸಿದ್ದು. ಹೊರಗಿನವರೊಬ್ಬರು ಅದನ್ನು ಗುರುತಿಸಿ ಹೊಗಳಿದ್ದು ಅದೇ ಮೊದಲು.

ಸ್ನೇಹ ಗೋಡೆಗೆ ಒರಗಿ ನಿಂತಳು. ದೇವರಾಜ್ ಎರಡು ಸೀರೆ ಕೊಂಡ. ಅಪ್ಪನ ಹೆಗಲ ಮೇಲೆ ಕೈಹಾಕಿ, ಮಗ್ಗದ ಮುಂದೆ ಫೋಟೋ ತೆಗೆದುಕೊಂಡ. "ಸ್ನೇಹಾನೂ ಬರ್ಲಿ" ಎಂದಾಗ ಅವಳು, "ತಲೆನೋವು" ಎಂದು ಒಳಗೆ ಹೋದಳು. ಗಂಗಲಕ್ಷ್ಮಮ್ಮ ಮಗಳನ್ನು ಒಮ್ಮೆ, ಬಂದವನನ್ನು ಒಮ್ಮೆ ನೋಡಿದರು.

ಅವನು ಹೊರಡುವಾಗ ಅಪ್ಪ, "ಬಾಗಿಲವರ್ಗೂ ಹೋಗಮ್ಮ, ಚೆನ್ನಾಗಿರಲ್ಲ" ಎಂದು ಕೂಗಿ ಮಗ್ಗ ಶುರು ಮಾಡಿದರು. ಆ ಸದ್ದಿನಲ್ಲಿ ಬೂಟು ಹಾಕಿಕೊಳ್ಳುತ್ತ, ತಲೆಯೆತ್ತದೆ ದೇವರಾಜ್ ಹೇಳಿದ: "ಬ್ಲಾಕು ಗೀಕು ಅಂತ ಮಕ್ಕಳಾಟ ಇನ್ಮೇಲೆ ಬೇಡ. ಈಗ ಮನೇನೂ ಗೊತ್ತಾಯ್ತಲ್ಲ." ಆಮೇಲೆ ಒಳಗೆ ನೋಡಿ, ದೊಡ್ಡ ದನಿಯಲ್ಲಿ, "ಬರ್ತೀನಿ ಯಜಮಾನ್ರೇ!" ಎಂದು ಕೈಮುಗಿದ.

ಮರುದಿನ ಆ ಫೋಟೋ ಲಿಂಕ್ಡ್‌ಇನ್ನಿನಲ್ಲಿತ್ತು. 'ನನ್ನ ಹಳೆಯ ಸಹೋದ್ಯೋಗಿ ಸ್ನೇಹ ಅವರ ಮನೆಯಲ್ಲಿ. ನೇಕಾರರನ್ನು ಬೆಂಬಲಿಸೋಣ. ನಾಯಕನಾದವನು ತನ್ನ ತಂಡದ ಕುಟುಂಬವನ್ನೂ ತನ್ನದೆಂದು ತಿಳಿಯಬೇಕು.' ನೂರಾರು ಜನ ಮೆಚ್ಚಿದ್ದರು. ಎಂಥ ಮ್ಯಾನೇಜರ್, ಎಂಥ ಮನುಷ್ಯ ಎಂದು ಬರೆದಿದ್ದರು. ಅಪ್ಪ ಅದನ್ನು ಪಕ್ಕದ ಮನೆಯವರಿಗೆಲ್ಲ ತೋರಿಸಿಕೊಂಡು ಬಂದರು.

ಆ ಪೋಸ್ಟು ಬಂದ ಎರಡು ದಿನಕ್ಕೆ ಸ್ನೇಹಳಿಗೆ ಒಂದು ಮೆಸೇಜು ಬಂತು. ಕಳಿಸಿದ ಹೆಸರು ಪ್ರಮೋದಾ. ಫೋಟೋ ಇರಲಿಲ್ಲ.

'ಅಕ್ಕಾ, ನೀವು ಕೂರ್ತಿದ್ದ ಸೀಟಲ್ಲಿ ಈಗ ನಾನು ಕೂರ್ತೀನಿ. ದಿನಾ ನಿಮ್ಮ ಪ್ರೊಫೈಲ್ ನೋಡ್ತೀನಿ, ಹೆಸರು ಕಾಣದ ಹಾಗೆ. ಕ್ಷಮಿಸಿ. ಒಂದು ಮಾತು ಕೇಳ್ಬೇಕಿತ್ತು. ದೇವರಾಜ್ ಸರ್ ನಿಜವಾಗ್ಲೂ ಒಳ್ಳೆಯವರಾ?'

ಸ್ನೇಹ ಅದನ್ನು ಓದಿ ಫೋನನ್ನು ದಿಂಬಿನ ಕೆಳಗೆ ತಳ್ಳಿದಳು. ಇದು ಅವನದೇ ಆಟ. ಹುಡುಗಿಯ ಹೆಸರು ಹಾಕಿಕೊಂಡು, ಇವಳು ಯಾರಿಗಾದರೂ ಹೇಳಿದ್ದಾಳೋ ಎಂದು ಪರೀಕ್ಷೆ ಮಾಡುತ್ತಿದ್ದಾನೆ. 'ತುಂಬಾ ಒಳ್ಳೆಯವರು' ಎಂದು ಬರೆದು ಮುಗಿಸಿಬಿಡೋಣ ಎಂದು ಫೋನು ತೆಗೆದಳು. ಬರೆದಳು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಹಾಗೇ ಇದ್ದಳು. ಒಂದು ವೇಳೆ ನಿಜವಾಗಿ ಒಬ್ಬ ಹುಡುಗಿ ಆ ಸೀಟಿನಲ್ಲಿ ಕೂತಿದ್ದರೆ? ಬರೆದುದನ್ನು ಅಳಿಸಿದಳು. 'ನಂಬರ್ ಕೊಡಿ' ಎಂದಷ್ಟೇ ಕಳಿಸಿದಳು.

ಅಮ್ಮನ ಫೋನಿನಿಂದ ಮಹಡಿಯ ಮೆಟ್ಟಿಲ ಮೇಲೆ ನಿಂತು ಕರೆ ಮಾಡಿದಳು. ಆ ಕಡೆ ಮಗುವೊಂದು ಅಳುತ್ತಿತ್ತು. "ಹಲೋ" ಎಂದ ಹೆಣ್ಣು ದನಿ, ಇವಳ ಹೆಸರು ಕೇಳಿದ ಕೂಡಲೇ ಪಿಸುಮಾತಿಗೆ ಇಳಿಯಿತು. "ಅಕ್ಕಾ, ಫೋನಲ್ಲಿ ಬೇಡ. ಮನೇಲಿ ಎಲ್ಲಾ ಅವ್ರೆ. ಎಲ್ಲಾದ್ರೂ ಸಿಗ್ತೀರಾ? ಜನ ಇರೋ ಕಡೆ."

ಜನ ಇರೋ ಕಡೆ ಎಂದದ್ದರಿಂದ ಸ್ನೇಹಳಿಗೆ ಅರ್ಧ ನಂಬಿಕೆ ಬಂತು. ಶನಿವಾರ ಚಿಕ್ಕಮಧುರೆಯ ಶನಿಮಹಾತ್ಮನ ದೇವಸ್ಥಾನದಲ್ಲಿ ಎಂದು ಮಾತಾಯಿತು. ಶನಿವಾರ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

"ದೇವಸ್ಥಾನಕ್ಕೆ ಹೋಗ್ಬರ್ತೀನಿ" ಎಂದಾಗ ಗಂಗಲಕ್ಷ್ಮಮ್ಮ, "ನಾನೂ ಬರ್ತೀನಿ ಇರು. ನಿನಗೇನೋ ಹಿಡ್ಕೊಂಡೈತೆ, ಎಳ್ಳೆಣ್ಣೆ ದೀಪ ಹಚ್ಚಿಸ್ಬೇಕು" ಎಂದು ಸೀರೆ ಬದಲಿಸಿದರು. ಬೇಡವೆನ್ನಲು ಸ್ನೇಹಳಿಗೆ ಬಾಯಿ ಬರಲಿಲ್ಲ. ಅಲ್ಲಿ ಹುಡುಗಿಯ ಬದಲು ಅವನೇ ನಿಂತಿದ್ದರೆ ಪಕ್ಕದಲ್ಲಿ ಅಮ್ಮನಾದರೂ ಇರಲಿ ಎಂದೂ ಅನಿಸಿತು. ಅದೇ ಮಧುರೆ ದಾರಿಯ ಬಸ್ಸಿನಲ್ಲಿ ಅವಳು ಕಿಟಕಿಯಾಚೆ ನೋಡಲಿಲ್ಲ. ಇಳಿದ ಮೇಲೆ ನಿಂತಿದ್ದ ಬಿಳಿ ಕಾರುಗಳನ್ನೆಲ್ಲ ನೋಡಿದಳು.

ಕಾಯಿ ಒಡೆಯುವ ಜಾಗದ ಆಚೆ, ಕಂಬದ ಮರೆಯಲ್ಲಿ ಒಬ್ಬಳು ಹುಡುಗಿ ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ನಿಂತಿದ್ದಳು. ಇವಳನ್ನು ಫೋಟೋದಿಂದ ಗುರುತಿಸಿ, "ಅಕ್ಕಾ" ಎಂದಳು. ಅಮ್ಮ ದೀಪದ ಸಾಲಿಗೆ ಹೋದರು. ಇಬ್ಬರೂ ಮಗುವಿನ ಕಾಲಿನ ಗೆಜ್ಜೆಯನ್ನು ನೋಡುತ್ತ ನಿಂತರು.

"ನಿಮ್ಮನ್ನೂ ಕಾರಲ್ಲಿ ಕೂರಿಸ್ಕೊಂಡು ಹೋಗಿದ್ರಾ ಅಕ್ಕಾ?" ಎಂದಳು ಪ್ರಮೋದಾ ಕೊನೆಗೆ.

ಸ್ನೇಹ ಹೌದೆಂದು ತಲೆಯಾಡಿಸಿದಳು. ಅದು ಅವಳು ಯಾರಿಗಾದರೂ ಕೊಟ್ಟ ಮೊದಲ ಉತ್ತರ.

"ನಾನು ಹತ್ತಿಲ್ಲ ಇನ್ನೂ. ಮಗೂಗೆ ಜ್ವರ, ಅತ್ತೆ ಬೈತಾರೆ, ಅಂತ ಏನೋ ಒಂದು ಹೇಳಿ ತಪ್ಪಿಸ್ಕೊಳ್ತಿದೀನಿ. ಮೊನ್ನೆ ಸ್ಟಾಕ್ ರೂಮಲ್ಲಿ ಬಾಗಿಲು ಹಾಕ್ಬಿಟ್ರು. ಕೂಗ್ತೀನಿ ಅಂದೆ, ನಗ್ತಾ ತೆಗೆದ್ರು. ಆಮೇಲೆ ಏನ್ ಮಾಡಿದ್ರು ಗೊತ್ತಾ? ಫೋನಲ್ಲಿ ನಿಮ್ಮ ಪ್ರೊಫೈಲ್ ತೋರಿಸಿದ್ರು. ನೋಡು, ಈ ಹುಡುಗಿ ನನ್ನ ಮಾತು ಕೇಳಿದ್ಲು, ಎಷ್ಟು ಚೆನ್ನಾಗವ್ಳೆ, ಇವತ್ತಿಗೂ ಸರ್ ಸರ್ ಅಂತ ಕೈಮುಗೀತಾಳೆ. ನೀನ್ಯಾಕೆ ಹಿಂಗಾಡ್ತೀಯ, ಅಂದ್ರು."

"ನಾನು ಬರೆದಿದ್ದನ್ನ ತೋರಿಸಿದ್ನಾ?"

"ಎಲ್ಲಾನೂ. ಥ್ಯಾಂಕ್ಯೂ ಸರ್, ಋಣಿ ಸರ್... ನಾನೂ ದಿನಾ ಅದನ್ನೇ ನೋಡ್ತಿದ್ದೆ. ಎಲ್ಲೋ ನಂದೇ ತಪ್ಪು ತಿಳುವಳಿಕೆ ಇರ್ಬೇಕು, ಈ ಅಕ್ಕ ಇಷ್ಟು ಗೌರವ ಕೊಡ್ತಾರಲ್ಲ ಅಂತ." ಪ್ರಮೋದಾ ಅಳತೊಡಗಿದಳು. ಮಗುವೂ ಅವಳ ಮುಖ ನೋಡಿ ಬಾಯಿ ತೆರೆಯಿತು.

ಸ್ನೇಹ ಹೆದರಿ ಬರೆದ ಒಂದೊಂದು ಸಾಲನ್ನೂ ಅವನು ಈ ಹುಡುಗಿಯ ಮುಂದೆ ಕಾಳಿನಂತೆ ಚೆಲ್ಲಿದ್ದ. ಅವಳ ಬಾಯಿಂದಲೇ ಅವನು ಮಾತಾಡಿದ್ದ. ಸ್ನೇಹ ತಿರುಗಿದರೆ, ಹಿಂದೆ ಅಮ್ಮ ನಿಂತಿದ್ದರು. ಕೈಯಲ್ಲಿ ಪ್ರಸಾದದ ದೊನ್ನೆ ಇತ್ತು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ಗಂಗಲಕ್ಷ್ಮಮ್ಮ ಪ್ರಮೋದಾಳ ಕಂಕುಳಿಂದ ಮಗುವನ್ನು ಎತ್ತಿಕೊಂಡು, ಬಾಯಿಗೆ ಚೂರು ಬಾಳೆಹಣ್ಣು ಇಟ್ಟು, "ಅವತ್ತು ಕಾಫಿ ಕೊಡೋವಾಗ್ಲೇ ನಂಗೆ ಸರಿಬರಲಿಲ್ಲ. ಲೋಟ ತಗೊಂಡೋನು ನನ್ನ ಮುಖ ನೋಡ್ಲಿಲ್ಲ, ಒಳಕೋಣೆ ಬಾಗ್ಲು ನೋಡ್ತಿದ್ದ" ಎಂದರು.

ಮನೆಗೆ ಬಂದವರೇ ಗಂಡನ ಮುಂದೆ ನಿಂತು, "ಮಗ್ಗ ನಿಲ್ಸಿ" ಎಂದರು. ಕೋದಂಡರಾಮಯ್ಯ ಒಂದೊಂದೇ ಮಗ್ಗ ನಿಲ್ಲಿಸಿದರು. ಸದ್ದಡಗಿದ ಮನೆಯಲ್ಲಿ ಸ್ನೇಹ ಮಳೆಯ ಸಂಜೆಯಿಂದ ಹಿಡಿದು ಬೂಟು ಹಾಕಿಕೊಳ್ಳುವಾಗ ಅವನಾಡಿದ ಮಾತಿನವರೆಗೆ ಎಲ್ಲವನ್ನೂ ಹೇಳಿದಳು. ಅಪ್ಪನ ಮುಖದ ಕಡೆ ನೋಡದೆ, ಮಗ್ಗದಲ್ಲಿ ಅರ್ಧಕ್ಕೆ ನಿಂತ ಸೆರಗನ್ನು ನೋಡುತ್ತ ಹೇಳಿದಳು.

ಅಪ್ಪನಿಗೆ ಬಂದದ್ದು ಸಿಟ್ಟಲ್ಲ, ಭಯ. "ಅದನ್ನ ತೆಗೆದಾಕ್ಬಿಡಮ್ಮ. ಆ ಅಕೌಂಟೇ ಬೇಡ. ಕೆಲ್ಸಾನೂ ಬೇಡ. ನಾಳೆ ನಿನ್ನ ಹೆಸ್ರು ನಾಕು ಜನದ ಬಾಯಿಗೆ ಬಿದ್ರೆ ನಾನೇನ್ ಮಾಡ್ಲಿ?"

"ತೆಗೆದ್ರೆ ಅವ್ನು ಬರೋದು ನಿಲ್ಲುತ್ತಾ ಅಪ್ಪಾ? ಮನೆ ಗೊತ್ತಲ್ಲ ಅವ್ನಿಗೆ. ಅಲ್ಲಿರೋ ಹುಡುಗಿ ಗತಿ ಏನು?"

"ಊರಿನ ಹುಡುಗೀರ್ನೆಲ್ಲ ನೀನು ಕಾಯಕ್ಕಾಗುತ್ತಾ?"

"ನನ್ನ ತೋರಿಸಿ ಹೆದರಿಸ್ತಿದಾನಪ್ಪ ಅವ್ಳನ್ನ. ನನ್ನ ತೋರಿಸಿ."

ಆ ದಿನ ಮಗ್ಗ ಮತ್ತೆ ಓಡಲಿಲ್ಲ. ಬೀದಿಯವರು ಕರೆಂಟು ಹೋಗಿದೆಯಾ ಎಂದು ಕೇಳಿಕೊಂಡು ಬಂದರು.

ಬೆಳಿಗ್ಗೆ ಸ್ನೇಹ ಕಾಫಿಯನ್ನೂ ಕುಡಿಯದೆ ಕೂತು, ಒಂದೊಂದಾಗಿ ತನ್ನ ಥ್ಯಾಂಕ್ಯೂಗಳನ್ನೆಲ್ಲ ಅಳಿಸಿದಳು. ಪ್ರೊಫೈಲಿನ ಮೇಲಿದ್ದ ಶಿಫಾರಸನ್ನು ಮರೆಮಾಡಿದಳು. ಅದಕ್ಕೂ ಮುಂಚೆ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಳು. ಆಮೇಲೆ ದೇವರಾಜನ ಆ ಫೋಟೋ ತೆರೆದು, ಇಂಗ್ಲಿಷಿನ ಹೊಗಳಿಕೆಗಳ ಕೆಳಗೆ ಕನ್ನಡದಲ್ಲಿ ಬರೆದಳು: 'ನೀವು ನನ್ನನ್ನು ಕೇಳದೆ ನಮ್ಮ ಮನೆ ಹುಡುಕಿಕೊಂಡು ಬಂದಿರಿ. ನನಗೆ ಇದು ಇಷ್ಟವಿಲ್ಲ. ಇನ್ನು ಮುಂದೆ ಮನೆಗೆ ಬರಬೇಡಿ. ನನ್ನ ಪೋಸ್ಟುಗಳಿಗೆ ಏನೂ ಬರೆಯಬೇಡಿ.'

ಕಳಿಸುವ ಮೊದಲು ತಲೆಯೆತ್ತಿದರೆ, ಅಪ್ಪ ಎದುರಿಗೆ ಬಂದು ನಿಂತಿದ್ದರು. "ಏನ್ ಬರ್ದಿದೀಯ, ಓದು" ಎಂದರು. ಓದಿದಳು.

"ಅದ್ರಲ್ಲಿ ನನ್ನ ಫೋಟೋನೂ ಐತಲ್ಲ. ನಂದೂ ಒಂದು ಮಾತು ಬರಿ."

"ಏನಂತ?"

"ನಾನು ಅವಳಪ್ಪ. ನನ್ನ ಫೋಟೋ ತೆಗೀರಿ, ಅಂತ. ಅಷ್ಟೇ ಸಾಕು."

ಅದನ್ನೂ ಸೇರಿಸಿ ಕಳಿಸಿದಳು.

ಅವಳು ಸ್ನಾನ ಮಾಡಿ ಬರುವಷ್ಟರಲ್ಲಿ ಫೋನು ಹಲವು ಸಲ ಬಡಿದುಕೊಂಡಿತ್ತು. ಗೊತ್ತಿಲ್ಲದ ನಂಬರುಗಳು. ಯಾವುದನ್ನೂ ತೆಗೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ಕಾಮೆಂಟು ಮಾಯವಾಗಿತ್ತು, ಸಂಜೆಗೆ ಇಡೀ ಪೋಸ್ಟೇ ಇರಲಿಲ್ಲ. ಆ ಇಡೀ ದಿನ ಅಪ್ಪ ಮುಂಬಾಗಿಲ ಅಗಳಿ ಹಾಕಿಯೇ ಮಗ್ಗ ಓಡಿಸಿದರು. ಬೀದಿಯಲ್ಲಿ ಕಾರಿನ ಬಾಗಿಲು ಮುಚ್ಚಿದ ಸದ್ದಾದಾಗಲೆಲ್ಲ ಮೂವರೂ ತಲೆಯೆತ್ತುತ್ತಿದ್ದರು.

ಮರುದಿನ ಬಂದದ್ದು ರಂಜಿತ. ಬಾಗಿಲಲ್ಲೇ ನಿಂತು, "ನಾನೇ ಅಲ್ವೇನೇ ಲಕ್ಕಿ ಅಂದಿದ್ದು? ಯಾಕೆ ಒಂದು ಮಾತು ಹೇಳ್ಲಿಲ್ಲ?" ಎಂದು ಸ್ನೇಹಳ ಭುಜ ಹಿಡಿದುಕೊಂಡಳು. ಕಾಮೆಂಟು ಮಾಯವಾಗುವ ಮೊದಲು ಅವಳು ಅದನ್ನು ನೋಡಿ ಉಳಿಸಿಟ್ಟಿದ್ದಳು. ಅವಳಂತೆ ಬೇರೆಯವರೂ ನೋಡಿದ್ದರು. ಸ್ನೇಹಳಿಗಿಂತ ಮುಂಚೆ ಆ ಗೋದಾಮಿನಲ್ಲಿದ್ದ ಒಬ್ಬ ಹೆಂಗಸು, ಈಗ ತುಮಕೂರಿನಲ್ಲಿರುವವಳು, 'ನನಗೂ ಒಂದು ಮಾತು ಹೇಳುವುದಿದೆ' ಎಂದು ಸ್ನೇಹಳಿಗೆ ಬರೆದಳು. ಕಂಪನಿಯ ಹೆಡ್ ಆಫೀಸಿನಲ್ಲಿ ಇಂಥ ದೂರುಗಳಿಗೆಂದೇ ಸಮಿತಿ ಇರಲೇಬೇಕೆಂದು ರಂಜಿತ ತಿಳಿಸಿದಳು. ಪ್ರಮೋದಾ ಬಹಳ ಹಿಂದೆಮುಂದೆ ನೋಡಿ, ಗಂಡನಿಗೆ ಹೇಳಿ, ಒಪ್ಪಿದಳು. ಮೂವರ ದೂರೂ ಒಟ್ಟಿಗೆ ಹೋಯಿತು.

ಎಲ್ಲವೂ ಸಲೀಸಾಗಿ ಆಗಲಿಲ್ಲ. ಹೊಸಕೋಟೆಯ ಕಂಪನಿಯವರು 'ಸದ್ಯಕ್ಕೆ ಆ ಹುದ್ದೆ ಇಲ್ಲ' ಎಂದುಬಿಟ್ಟರು. ಕಾಮೆಂಟು ನೋಡಿದ್ದಕ್ಕೋ, ದೇವರಾಜ್ ಫೋನು ಮಾಡಿದ್ದಕ್ಕೋ, ನಿಜವಾಗಿ ಹುದ್ದೆ ಇರಲಿಲ್ಲವೋ, ಅವಳಿಗೆ ತಿಳಿಯಲೇ ಇಲ್ಲ. ಸಮಿತಿಯ ಮುಂದೆ ಬೆಂಗಳೂರಿಗೆ ಹೋದಾಗ ಅಲ್ಲಿನ ಹಿರಿಯ ಹೆಂಗಸೊಬ್ಬರು, "ಅಷ್ಟು ಹೆದರಿಕೆ ಇದ್ದೋರು ಥ್ಯಾಂಕ್ಯೂ ಯಾಕೆ ಬರೀತಿದ್ರಿ?" ಎಂದು ಕೇಳಿದರು. ಸ್ನೇಹ, "ಹೆದರಿಕೆ ಇದ್ದಿದ್ದಕ್ಕೇ ಮೇಡಂ" ಎಂದಳು. ಹೊರಗಿನ ಸೋಫಾದಲ್ಲಿ ದೇವರಾಜ್ ಕೂತಿದ್ದ. ಇವಳನ್ನು ನೋಡಿ ಎಂದಿನಂತೆ ನಕ್ಕ. ಪ್ರಮೋದಾ ಸ್ನೇಹಳ ಕೈ ಹಿಡಿದುಕೊಂಡಳು.

ವಿಚಾರಣೆ ಎಳೆಯಿತು. ಕೊನೆಗೆ ಕಂಪನಿ ಅವನನ್ನು ತೆಗೆದುಹಾಕಿತು. ಸ್ವಲ್ಪ ದಿನಕ್ಕೆ ಅವನ ಫೋಟೋದ ಸುತ್ತ ಕೆಲಸ ಹುಡುಕುವವರ ಹಸಿರು ಬಳೆ ಬಂದಿರುವುದನ್ನು ರಂಜಿತ ತೋರಿಸಿದಳು. 'ಹೊಸ ಅವಕಾಶಗಳನ್ನು ಎದುರುನೋಡುತ್ತಿದ್ದೇನೆ' ಎಂದಿತ್ತು. ರಂಜಿತ ನಕ್ಕಳು. ಸ್ನೇಹ ನಗಲಿಲ್ಲ. ಕೆಲಸ ಹುಡುಕುವವನು ಎಲ್ಲಿಗೆ ಬೇಕಾದರೂ ಬರಬಹುದು, ಯಾವ ಗೋದಾಮಿನ ಯಾವ ಕುರ್ಚಿಯಲ್ಲಿ ಬೇಕಾದರೂ ಕೂರಬಹುದು.

ಚಳಿಗಾಲ ಮುಗಿಯುತ್ತ ಬಂದಾಗ ಅವಳಿಗೆ ಸೂಲಿಬೆಲೆಯ ಒಂದು ಹಾಲಿನ ಘಟಕದಲ್ಲಿ ಲೆಕ್ಕ ನೋಡುವ ಕೆಲಸ ಸಿಕ್ಕಿತು. ಸಂಬಳ ಮೊದಲಿನದಕ್ಕಿಂತ ಕಮ್ಮಿ, ದಾರಿ ಉದ್ದ. ದೇವನಹಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ಇಂಟರ್‌ವ್ಯೂ ಮಾಡಿದ ನಂದೀಶ್ ಎಂಬ ಅಧಿಕಾರಿ, "ಹಳೇ ಮ್ಯಾನೇಜರ್ ನಂಬರ್ ಕೊಡಿ, ವಿಚಾರಿಸ್ಬೇಕು" ಎಂದ. "ಅವ್ರ ಮೇಲೆ ನಾನು ದೂರು ಕೊಟ್ಟಿದೀನಿ ಸರ್. ಕಂಪನಿ ಕಾಗದ ತೋರಿಸ್ತೀನಿ. ಬೇಕಿದ್ರೆ ಜೊತೆಲಿ ಕೆಲಸ ಮಾಡ್ದೋರ ನಂಬರ್ ಕೊಡ್ತೀನಿ" ಎಂದಳು. ನಂದೀಶ್ ಪೆನ್ನಿನ ಮುಚ್ಚಳ ತೆಗೆದ. ಆಮೇಲೆ, "ಸರಿ, ಜೊತೆಲಿದ್ದೋರದ್ದೇ ಕೊಡಿ" ಎಂದ.

ಸೇರಿದ ದಿನ ಹೊಸಬರನ್ನು ಸ್ವಾಗತಿಸುವ ಫೋಟೋ ತೆಗೆಯುವುದು ಅಲ್ಲಿನ ಪದ್ಧತಿ. ಹೂಗುಚ್ಛ ಕೈಗೆ ಕೊಟ್ಟು, ಗೇಟಿನ ಮುಂದೆ ನಿಲ್ಲಿಸಿದರು. "ಲಿಂಕ್ಡ್‌ಇನ್ನಲ್ಲಿ ಹಾಕಿ ಟ್ಯಾಗ್ ಮಾಡ್ತೀವಿ ಮೇಡಂ" ಎಂದಳು ಫೋನು ಹಿಡಿದವಳು. ಸ್ನೇಹ ಬೇಡ ಎನ್ನಲು ಹೊರಟು, ನಿಂತಳು. "ಹಾಕಿ. ನನ್ನ ಹೆಸ್ರೂ ಹಾಕಿ. ಆದ್ರೆ ಊರಿನ ಹೆಸ್ರಿರೋ ಗೇಟಿನ ಬೋರ್ಡು ಬೇಡ, ಇಲ್ಲಿ ಈ ಗೋಡೆ ಹತ್ರ ತೆಗೀರಿ" ಎಂದಳು. ಹುಡುಗಿಗೆ ಅರ್ಥವಾಗಲಿಲ್ಲ, ಆದರೂ ಜಾಗ ಬದಲಿಸಿದಳು.

ಸಂಜೆ ಬಸ್ಸು ತಡವಾಯಿತು. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ದೀಪಗಳು ಹತ್ತಿದ್ದವು. ಹೂವಿನ ಅಂಗಡಿಯ ಪಕ್ಕ ಅಪ್ಪ ತಮ್ಮ ಹಳೆಯ ಟಿವಿಎಸ್ ಗಾಡಿ ಹಿಡಿದು ನಿಂತಿದ್ದರು. ತಲೆಯ ಮೇಲೆ ನೂಲಿನ ಚೂರುಗಳು ಹಾಗೇ ಅಂಟಿಕೊಂಡಿದ್ದವು.

"ನೀನ್ಯಾಕಪ್ಪ ಬಂದೆ? ನಾನೇನು ಚಿಕ್ಕ ಮಗೂನಾ?"

"ಈ ಕಡೆ ಕೆಲ್ಸ ಇತ್ತು" ಎಂದರು ಕೋದಂಡರಾಮಯ್ಯ. ಅವರಿಗೆ ಈ ಕಡೆ ಯಾವ ಕೆಲಸವೂ ಇರಲಿಲ್ಲ.

"ನಾಳೆಯಿಂದ ಬರ್ಬೇಡ."

"ಒಂದು ವಾರ ಬರ್ತೀನಿ. ಆಮೇಲೆ ನೋಡಣ."

ಅವಳು ಹಿಂದೆ ಕೂತಳು. ಗಾಡಿ ಪೇಟೆಯ ಬೀದಿಗೆ ತಿರುಗಿತು. ಅಪ್ಪ ಮೆಲ್ಲಗೆ ಓಡಿಸುತ್ತಿದ್ದರು, ಪಕ್ಕದ ಕನ್ನಡಿಯಲ್ಲಿ ಹಿಂದೆ ಬರುವ ಒಂದೊಂದು ಕಾರನ್ನೂ ನೋಡುತ್ತಿದ್ದರು. ಸ್ನೇಹಳೂ ನೋಡುತ್ತಿದ್ದಳು. ಒಂದು ಕಾರು ಅವರ ಹಿಂದೆಯೇ ಸ್ವಲ್ಪ ದೂರ ಬಂತು. ಅಪ್ಪನ ಬೆನ್ನು ಬಿಗಿಯಾದದ್ದು ಅವಳ ಕೈಗೆ ತಿಳಿಯಿತು. ಆಮೇಲೆ ಅದು ಅವರನ್ನು ದಾಟಿಕೊಂಡು ತನ್ನ ದಾರಿ ಹಿಡಿದು ಹೋಯಿತು.

"ಊಟಕ್ಕೆ ಏನ್ ಮಾಡವ್ಳೆ ಅಮ್ಮ?" ಎಂದಳು ಸ್ನೇಹ.

"ಬಸ್ಸಾರು" ಎಂದರು ಅಪ್ಪ.